ತಾರಸಿ ಮನೆ, ಅದರ ಮೇಲೊಂದು ಶೀಟು

ಮಂಗಳೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಒಂದು ಕೆಲಸ ಮಾಡಿ. ಮನೆಗಳ ಗೇಟು, ಬಣ್ಣ, ಹೆಸರಿನ ಫಲಕ ಎಲ್ಲ ಬಿಟ್ಟು ಬರೀ ತಲೆ ನೋಡುತ್ತಾ ಹೋಗಿ. ಹತ್ತು ವರ್ಷಕ್ಕಿಂತ ಹಳೆಯ ತಾರಸಿ ಮನೆ ಅಂತ ಕಂಡರೆ ಅದರ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ನೀಲಿಯೋ ಕೆಂಪೋ ಶೀಟು ಹಾಕಿರುತ್ತಾರೆ. ಈಗೀಗ ಕೆಲವರು ಗೃಹಪ್ರವೇಶಕ್ಕೆ ಮೊದಲೇ ಹಾಕಿಸುತ್ತಾರೆ. ಅಂದರೆ ಮೊದಲು ಲಕ್ಷಗಟ್ಟಲೆ ಸುರಿದು ಚಪ್ಪಟೆ ಮಾಡು, ಅಂದರೆ ಛಾವಣಿ, ಮಾಡಿಸುವುದು, ಆಮೇಲೆ ಮತ್ತೆ ಸಾಲ ಮಾಡಿ ಅದರ ಮೇಲೆ ಇಳಿಜಾರು ಮಾಡು ಮಾಡಿಸುವುದು. ಕೊಡೆ ಬಿಡಿಸಿ ಅದರ ಮೇಲೆ ಇನ್ನೊಂದು ಕೊಡೆ ಹಿಡಿದ ಹಾಗೆ. ಇದಕ್ಕೆ ಯಾರೂ ನಗುವುದಿಲ್ಲ, ಯಾಕೆಂದರೆ ಎಲ್ಲರ ಮನೆಯಲ್ಲೂ ಇದೇ ಕಥೆ.

ನನ್ನ ಹೇಳಿಕೆ ಇಷ್ಟೇ. ಕರಾವಳಿಯಲ್ಲಿ ಮನೆಗೆ ಏನು ಬೇಕು ಅಂತ ನಿರ್ಧಾರ ಮಾಡುವುದು ಮಳೆ. ನಾವು ಒಂದು ತಲೆಮಾರು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಮನೆ ಕಟ್ಟಿದೆವು. ಈಗ ಅದರ ದಂಡ ಕಟ್ಟುತ್ತಿದ್ದೇವೆ.

ಲೆಕ್ಕ ನೋಡಿ. ಇಲ್ಲಿ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಬೆಂಗಳೂರಿಗೆ ಇಡೀ ವರ್ಷಕ್ಕೆ ಸಾವಿರದ ಆಸುಪಾಸು. ಆದರೆ ಮನೆಯ ಪ್ಲಾನು ಮಾತ್ರ ಎರಡೂ ಕಡೆ ಒಂದೇ! ಚೌಕಾಕಾರದ ಡಬ್ಬಿ, ಮುಂದೆ ಒಂದು ಸಿಟೌಟು, ಕಿಟಕಿ ಮೇಲೆ ಗೇಣುದ್ದದ ಸಜ್ಜ. ನಮ್ಮ ಮಳೆ ನೆಟ್ಟಗೆ ಬೀಳುವುದೇ ಇಲ್ಲ, ಪಡುವಣ ಗಾಳಿಗೆ ಓರೆಯಾಗಿ ಗೋಡೆಗೇ ಬಡಿಯುತ್ತದೆ. ಆ ಸಜ್ಜ ಯಾರನ್ನು ಕಾಯಬೇಕು? ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಾಂಕ್ರೀಟು ಹಿಗ್ಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಜೂನ್‌ನಲ್ಲಿ ನೀರು ಅದರೊಳಗೆ ಇಳಿಯುತ್ತದೆ. ಕಡಲ ಗಾಳಿಯ ಉಪ್ಪು ಬೇರೆ. ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಒಂದು ದಿನ ಬೆಡ್‌ರೂಮಿನ ಮೇಲಿಂದ ಸಿಮೆಂಟಿನ ಹಕ್ಕಳೆ ಬೀಳುತ್ತದೆ. ಅಲ್ಲಿಂದ ಶುರು ನೋಡಿ, ವಾಟರ್‌ಪ್ರೂಫಿಂಗ್‌ನವರು, ಟಾರ್ ಶೀಟಿನವರು, ಕೆಮಿಕಲ್‌ನವರು, ಕೊನೆಗೆ ವೆಲ್ಡಿಂಗ್‌ನವರು.

"ಹಿಂದಿನವರ ಮನೆಯೇ ಚಂದ, ನಮ್ಮ ಸಂಸ್ಕೃತಿ" ಅಂತ ಇಲ್ಲಿ ಯಾರಾದರೂ ಬರೆಯುತ್ತಾರೆ, ಗೊತ್ತು. ಸ್ವಲ್ಪ ತಡೆಯಿರಿ. ನಾವು ಇಷ್ಟು ಹೆಮ್ಮೆಯಿಂದ ಹೇಳಿಕೊಳ್ಳುವ ಮಂಗಳೂರು ಹಂಚು ಬಂದದ್ದೇ 1865ರಲ್ಲಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ ಕಾರ್ಖಾನೆ ಹಾಕಿದರು. ಯಂತ್ರದಲ್ಲಿ ಒತ್ತಿದ ಹಂಚು, ಯುರೋಪಿನ ತಂತ್ರ, ನಮ್ಮ ಹೊಳೆಯ ಜೇಡಿಮಣ್ಣು. ಅದಕ್ಕೂ ಮೊದಲು ಇಲ್ಲಿನ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲೋ ತೆಂಗಿನ ಮಡಲೋ ಅಡಿಕೆ ಸೋಗೆಯೋ ಹೊದಿಕೆ. ವರ್ಷ ವರ್ಷ ಹೊಸದಾಗಿ ಹೊದೆಸಬೇಕು, ಒಂದು ಕಿಡಿ ಹಾರಿದರೆ ಮುಗಿಯಿತು. ಹಾಗಾಗಿ ಹಂಚು ಬಂದಾಗ ಜನ "ಇದು ಪರದೇಶದ್ದು" ಅಂತ ಕೂರಲಿಲ್ಲ, ಕೈಲಾದವರು ಹಾಕಿಸಿಕೊಂಡರು. ಒಂದು ಮಾತ್ರ ಬದಲಾಗಲಿಲ್ಲ. ಹುಲ್ಲು ಹೋಗಿ ಹಂಚು ಬಂದರೂ ಇಳಿಜಾರು ಹಾಗೇ ಉಳಿಯಿತು. ಹೊಸ ವಸ್ತು ಬಂದದ್ದಕ್ಕೆ ನನ್ನ ತಕರಾರಿಲ್ಲ. ತಾರಸಿ ಬಂದಾಗ ಇಳಿಜಾರನ್ನೇ ತೆಗೆದುಬಿಟ್ಟೆವಲ್ಲ, ತಕರಾರು ಅಲ್ಲಿ.

ಹಳೆಯ ಹಂಚು ಎಲ್ಲಾದರೂ ಸಿಕ್ಕಿದರೆ ಸುಮ್ನೆ ಒಮ್ಮೆ ಮಗುಚಿ ನೋಡಿ. ಅಡಿಭಾಗದಲ್ಲಿ ಕಂಪನಿಯ ಹೆಸರು, ಊರು, ಕೆಲವೊಮ್ಮೆ ಒಂದು ಪ್ರಾಣಿಯ ಚಿತ್ರ ಒತ್ತಿರುತ್ತಾರೆ. ಮೇಲಿನ ತುದಿಯ ಅಡಿಯಲ್ಲಿ ಎರಡು ಸಣ್ಣ ಗುಬುಟು. ಅವು ಮಾಡಿನ ಅಡ್ಡಪಟ್ಟಿಗೆ, ಅಂದರೆ ರೀಪಿಗೆ, ಸಿಕ್ಕಿಕೊಂಡು ಹಂಚು ಜಾರದಂತೆ ಹಿಡಿಯುತ್ತವೆ. ಅಂಚಿನಲ್ಲಿ ಗೀರು, ಪಕ್ಕದ ಹಂಚು ಅದರೊಳಗೆ ಕೂರುತ್ತದೆ. ಸಿಮೆಂಟಿಲ್ಲ, ಮೊಳೆಯಿಲ್ಲ. ಒಡೆದರೆ ಆ ಒಂದನ್ನು ಜಾರಿಸಿ ತೆಗೆದು ಹೊಸದನ್ನು ತೂರಿಸಿದರೆ ಆಯಿತು. ಸಂದಿನಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ, ನೀರು ಮಾತ್ರ ಒಳಗೆ ಬರುವುದಿಲ್ಲ. (ಒಂದು ಅಡ್ಡಮಾತು: ಹಂಚಿನಲ್ಲಿ 1865 ಅಂತ ಕಂಡರೆ "ನಮ್ಮ ಹಂಚು ನೂರೈವತ್ತು ವರ್ಷ ಹಳೆಯದು" ಅಂತ ಫೋಟೋ ಹಾಕುವವರಿದ್ದಾರೆ. ಅದು ಕಾರ್ಖಾನೆ ಶುರುವಾದ ಇಸವಿ, ಆಮೇಲೆ ಎಷ್ಟೋ ವರ್ಷ ಅದನ್ನೇ ಒತ್ತುತ್ತಿದ್ದರು. ಕಾಮನ್‌ವೆಲ್ತ್ ಅಂತ ಇದ್ದರೆ ಅದು ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮಿಷನ್ನಿನ ಕಾರ್ಖಾನೆ ಕಿತ್ತುಕೊಂಡ ನಂತರದ್ದು.)

ಗೋಡೆಯ ಕಥೆಯೂ ಹಾಗೇ. ನಮ್ಮ ಕಾಲಡಿಯಲ್ಲಿ ಇರುವುದೇ ಕೆಂಪುಕಲ್ಲು, ಮುರಕಲ್ಲು. ನೆಲದಿಂದ ಎಬ್ಬಿಸುವಾಗ ಮೆದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಬಾವಿ ತೋಡಿದಾಗ ಸಿಕ್ಕ ಕಲ್ಲಲ್ಲೇ ಕೊಟ್ಟಿಗೆ ಎದ್ದ ಮನೆಗಳಿವೆ. ಆದರೆ ಈ ಕಲ್ಲಿನ ಮೈ ತುಂಬ ತೂತು, ನೀರು ಕುಡಿಯುತ್ತದೆ. ಅದಕ್ಕೇ ಹಿಂದಿನವರು ಸೂರನ್ನು ಗೋಡೆಯಿಂದ ಅಷ್ಟು ಮುಂದಕ್ಕೆ ತಂದು, ತಲೆ ತಗ್ಗಿಸಿ ಒಳಗೆ ಹೋಗುವಷ್ಟು ಕೆಳಗೆ ಇಳಿಸುತ್ತಿದ್ದರು. ಸೂರಿನ ಅಡಿ ಜಗಲಿ. ಮಳೆ ಜಗಲಿಯ ಅಂಚಿಗೆ ಬಡಿದು ನಿಲ್ಲುತ್ತದೆ, ಗೋಡೆಗೆ ತಾಗುವುದಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿದ್ದೀರಲ್ವಾ? 15ನೇ ಶತಮಾನದ್ದು, ಕಲ್ಲಿನ ಕಟ್ಟಡ. ಅಲ್ಲೂ ಇಳಿಜಾರು ಮಾಡೇ. ದೇವರ ಮನೆಗೂ ಇದೇ ಮಳೆ, ಬೇರೆ ದಾರಿ ಇರಲಿಲ್ಲ.

ಇನ್ನು ಹಳೇ ಮನೆಯಲ್ಲಿ ಎಲ್ಲ ಚಂದ ಇತ್ತು ಅನ್ನುವವರು ಅಲ್ಲಿ ಅಡುಗೆ ಮಾಡಿದವರನ್ನು ಕೇಳಿ. ಮಧ್ಯಾಹ್ನವೂ ಕತ್ತಲೆ ಇರುವ ಅಡುಗೆಮನೆ, ಒದ್ದೆ ಸೌದೆಯ ಹೊಗೆ, ಬೆಳಕಿಗೆ ಅಂತ ಒಂದು ಕನ್ನಡಿ ಹಂಚು. ಬಚ್ಚಲಿಗೆ ಹೋಗಬೇಕಾದರೆ ಮಳೆಯಲ್ಲಿ ಹೊರಗೆ ಇಳಿಯಬೇಕು. ಒರಲೆ (ಗೆದ್ದಲು) ಮಾಡಿನ ಮರದ ಪಕ್ಕಾಸು ತಿಂದು ಹಾಕುತ್ತದೆ. ಮಂಗಗಳು ಮಾಡಿನ ಮೇಲೆ ಓಡಿದರೆ ಹಂಚು ಪುಡಿಪುಡಿ, ಇದು ಈಗಲೂ ಇರುವ ತಲೆನೋವು. ಮತ್ತೆ ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಜಮೀನ್ದಾರ ಮನೆಯ, ಚಾವಡಿ ಅಂತ ನಾವು ಫೋಟೋ ತೆಗೆಸಿಕೊಳ್ಳುತ್ತೇವಲ್ಲ, ಆ ಚಾವಡಿ ಹತ್ತಲು ಎಲ್ಲರಿಗೂ ಬಿಡುತ್ತಿರಲಿಲ್ಲ. ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಜಗಲಿಯವರೆಗೆ ಬರಬಹುದು, ಯಾರು ಒಳಗೆ ಅಂತ ಮನೆಯ ಮೆಟ್ಟಿಲಲ್ಲೇ ಬರೆದಿಟ್ಟಿತ್ತು. 1974ರಲ್ಲಿ ಭೂಸುಧಾರಣೆ ಬಂದು ಗೇಣಿಯವರಿಗೆ ಗದ್ದೆ ಸಿಕ್ಕಿತು. ಗೇಣಿ ಅಕ್ಕಿ ನಿಂತಿತು. ಆ ಅಕ್ಕಿಯ ಬಲದಲ್ಲಿ ನಿಂತಿದ್ದ ದೊಡ್ಡ ಮನೆಗಳು ಬಳಲಿದವು. ಅದಕ್ಕಿಂತ ಮೊದಲೇ ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಇಳಿಯುವ) ಕೂಡುಕುಟುಂಬಗಳು ಪಾಲಾಗತೊಡಗಿದ್ದವು, ಮಕ್ಕಳು ಮುಂಬಯಿಗೆ, ಆಮೇಲೆ ಗಲ್ಫಿಗೆ ಹೋದರು. ಗೇಣಿದಾರನಿಗೆ ಗದ್ದೆ ಸಿಕ್ಕಿದ್ದು ಸರಿಯೇ. ಅದರಿಂದ ಒಂದು ಚಾವಡಿ ಹಾಳುಬಿತ್ತು ಅಂತ ನಾನು ಅಳುವುದಿಲ್ಲ. ಹೊಸದಾಗಿ ಜಾಗ ಸಿಕ್ಕವನು ಕೈಗೆ ದುಡ್ಡು ಬಂದಾಗ ತಾರಸಿ ಮನೆಯನ್ನೇ ಕಟ್ಟಿದ್ದೂ ಸಹಜ. ಅದು ಧನಿಯ ಮನೆಯ ಹಾಗೆ ಕಾಣುತ್ತಿರಲಿಲ್ಲ, ಅದೇ ಅದರ ಆಕರ್ಷಣೆ.

ಹಾಗಾಗಿ ನನಗೆ ಆ ಮನೆಗಳು ಬೇಡ, ಅವು ಮಳೆಗೆ ಕೊಟ್ಟ ಉತ್ತರ ಬೇಕು. ಎರಡೂ ಬೇರೆ ಬೇರೆ.

ಜಾಗ ಆರಿಸುವುದರಲ್ಲೂ ಅಷ್ಟೇ. ಇಲ್ಲಿ ಗದ್ದೆಯನ್ನೇ ಮೂರು ತರ ಮಾಡಿ ಹೆಸರಿಟ್ಟಿದ್ದರು. ತಗ್ಗಿನಲ್ಲಿ ನೀರು ನಿಲ್ಲುವ ಬೈಲು, ಅದರ ಮೇಲೆ ಮಜಲು, ಇನ್ನೂ ಮೇಲೆ ಮಳೆ ನೀರಷ್ಟೇ ನಂಬಿದ ಬೆಟ್ಟು. ಮನೆ ಸಾಮಾನ್ಯವಾಗಿ ಗುಡ್ಡದ ಬುಡದಲ್ಲಿ, ಗದ್ದೆಗಿಂತ ಎತ್ತರದಲ್ಲಿ. ಹಿಂದೆ ಕಾಡು, ಅದರಲ್ಲಿ ಯಾರೂ ಕತ್ತಿ ಹಾಕದ ಒಂದು ನಾಗಬನ. ಮೇಲೆ ಪದವು, ಅಂದರೆ ಗುಡ್ಡದ ತಲೆಯ ಸಮತಟ್ಟು ಬಂಡೆ ನೆಲ, ಅದರಲ್ಲೊಂದು ಮದಗ (ಕೆರೆ). ಮಳೆ ನೀರು ಮದಗದಲ್ಲಿ ನಿಂತು, ಕಲ್ಲಿನೊಳಗೆ ಇಳಿದು, ಕೆಳಗಿನ ಬಾವಿಗೆ ಬರುತ್ತದೆ. ಈ ಪದವುಗಳನ್ನು ಸರ್ಕಾರಿ ಕಡತದಲ್ಲಿ ಬಂಜರು ಅಂದುಬಿಟ್ಟರು. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಅಲ್ಲಿ ಹೋಗಿ ನೋಡಿ, ಬಂಡೆಯ ಮೇಲೆಲ್ಲ ಬೆರಳುಗುರಿನಷ್ಟು ಹೂ. ಹೊಸ್ತಿಲು ಪೂಜೆಗೆ ಪಾರೆಹೂ ಬರುವುದು ಅಲ್ಲಿಂದಲೇ. ಬಂಜರು ಅಂತೆ!

ಈಗ ಏನಾಗಿದೆ? ಬೈಲು ಗದ್ದೆಗೆ ಮಣ್ಣು ತುಂಬಿ ಸೈಟು. ಮಣ್ಣು ಎಲ್ಲಿಂದ? ಪಕ್ಕದ ಗುಡ್ಡದಿಂದ. ಜೇಸಿಬಿ ಗುಡ್ಡವನ್ನು ನೆಟ್ಟಗೆ ಕಡಿದು ಬರೆ ಮಾಡುತ್ತದೆ, ಬರೆಯ ಬುಡದಲ್ಲೊಂದು ಮನೆ, ತಲೆಯ ಮೇಲೊಂದು ಮನೆ. ಮೇಲೆ ಇರುವ ಕೆಂಪುಕಲ್ಲು ಗಟ್ಟಿ ಅಂತ ಕಾಣುತ್ತದೆ, ಆದರೆ ಅದರ ಅಡಿಯಲ್ಲಿರುವುದು ಜೇಡಿಮಣ್ಣು. ನೀರು ಇಳಿದು ಅಲ್ಲಿಗೆ ತಲುಪಿದರೆ ಇಡೀ ಗುಡ್ಡ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೈವೇಗೆ ಕಡಿದ ಗುಡ್ಡ ಗಂಗಾವಳಿ ಹೊಳೆಗೆ ಜಾರಿದ್ದನ್ನು ಇಡೀ ದೇಶ ನೋಡಿತು. 2025ರ ಮೇ ಕೊನೆಗೆ ಉಳ್ಳಾಲ ಬಳಿಯ ಮಂಜನಾಡಿಯಲ್ಲಿ ಗುಡ್ಡ ಮನೆಯ ಮೇಲೆಯೇ ಬಂತು, ಮಕ್ಕಳು ಸತ್ತರು. ಪ್ರತಿ ಸಲ "ಭಾರಿ ಮಳೆ" ಅಂತ ಹೆಡ್‌ಲೈನ್. ಮಳೆ ಇಲ್ಲಿ ಯಾವಾಗ ಭಾರಿ ಇರಲಿಲ್ಲ ಹೇಳಿ?

ಅಂಗಳದ ಮಾತು ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಇಂಟರ್‌ಲಾಕ್! ಅಂಗಳಕ್ಕೆ ಇಡೀ ಇಂಟರ್‌ಲಾಕ್ ಹಾಕಿ, ಸುತ್ತ ಆರಡಿ ಕಂಪೌಂಡು ಕಟ್ಟಿ, ತೋಡಿಗೆ (ಹಳ್ಳಕ್ಕೆ) ಹೋಗುವ ಕಣಿಯನ್ನು, ಅಂದರೆ ನೀರಿನ ಚರಂಡಿಯನ್ನು, ಮುಚ್ಚಿ, ಜೂನ್‌ನಲ್ಲಿ ಮನೆಯೊಳಗೆ ನೀರು ಬಂದಾಗ ಪಂಚಾಯಿತಿಗೆ ಬೈಯುವುದು. ಮಾರ್ಚ್‌ನಲ್ಲಿ ಬಾವಿ ಬತ್ತಿದಾಗ ಟ್ಯಾಂಕರು.

ಕಡಲ ಬದಿಯ ಕಥೆ ಬೇರೆ, ಅಲ್ಲಿ ಮನೆಯವರ ತಪ್ಪು ಕಡಿಮೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಪ್ರತಿ ಮಳೆಗಾಲ ಒಂದಷ್ಟು ತೆಂಗು, ಒಂದಷ್ಟು ಮನೆ ಕಡಲಿಗೆ ಹೋಗುತ್ತವೆ. ಎಲ್ಲಿಂದಲೋ ಕರಿಕಲ್ಲು ತಂದು ಸುರಿಯುತ್ತಾರೆ. ಕಲ್ಲು ಹಾಕಿದ ಕಡೆ ಅಷ್ಟಿಷ್ಟು ನಿಂತರೆ ಅದರ ಪಕ್ಕದಲ್ಲಿ ಕೊರೆತ ಶುರು. ಮೀನುಗಾರರ ಮನೆ ಮೊದಲಿನಿಂದಲೂ ತಗ್ಗು, ಸಣ್ಣದು, ತೆಂಗಿನ ಮರೆಯಲ್ಲಿ. ಅದರ ಹಿಂದೆ ಈಗ ನಾಲ್ಕು ಮಹಡಿಯ "ಬೀಚ್ ವ್ಯೂ". ಕಡಲತಡಿಯಲ್ಲಿ ಕಟ್ಟಡಕ್ಕೆ ಕಡಿವಾಣ ಹಾಕುವ ನಿಯಮ 1991ರಿಂದ ಇದೆ. ಅದು ಬಡವನ ಟಾಯ್ಲೆಟ್ಟಿಗೆ ಅಡ್ಡ ಬಂದಷ್ಟು ಬೇಗ ರೆಸಾರ್ಟಿಗೆ ಬರುವುದಿಲ್ಲ, ಇದು ನನ್ನ ಅನಿಸಿಕೆ, ಒಪ್ಪದವರು ಜಗಳಕ್ಕೆ ಬನ್ನಿ.

ರೆಸಾರ್ಟ್ ಅಂದಾಗ ನೆನಪಾಯಿತು. ಹಳೇ ಮನೆ ಕೆಡವಿದರೆ ಕಂಬ, ಬಾಗಿಲು, ಮುಚ್ಚಿಗೆಯ (ಮರದ ಅಟ್ಟದ) ಹಲಗೆ ಎಲ್ಲ ಲಾರಿಯಲ್ಲಿ ಹೊರಡುತ್ತವೆ. ಅವು ಆಮೇಲೆ ಕಾಣಿಸುವುದು ಯಾವುದೋ ರೆಸಾರ್ಟಿನ ರಿಸೆಪ್ಷನ್ನಿನಲ್ಲಿ, ಏಸಿ ಹಾಕಿದ ಗಾಜಿನ ಕೋಣೆಯೊಳಗೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಾಗೆ ಕೆಡವಲು ಹೊರಟ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು, ಹಸ್ತಶಿಲ್ಪ ಅಂತ. ಒಮ್ಮೆ ಹೋಗಿ, ಅವರ ಹಟಕ್ಕಾದರೂ ಕೈ ಮುಗಿಯಬೇಕು. ಮಂಗಳೂರಿನ ಪಿಲಿಕುಳ ನಿಸರ್ಗಧಾಮದಲ್ಲೂ ಒಂದು ಗುತ್ತಿನ ಮನೆ ಕಟ್ಟಿದ್ದಾರೆ. ಆದರೆ ಅಲ್ಲಿ ಫೋಟೋ ತೆಗೆದು ಮನೆಗೆ ಬಂದು ಸೈಟಿಗೆ ಜೇಸಿಬಿ ಹೇಳುವವರನ್ನು ಮ್ಯೂಸಿಯಂಗೆ ಏನೂ ಮಾಡಲು ಆಗುವುದಿಲ್ಲ.

ಇನ್ನೊಂದು ಹೊಸ ಚಾಳಿ. ಇಳಿಜಾರಾಗಿ ಸ್ಲ್ಯಾಬು ಹಾಕಿ ಅದರ ಮೇಲೆ ಸಿಮೆಂಟಿನಲ್ಲಿ ಹಂಚು ಅಂಟಿಸುವುದು. ಹೊರಗಿನಿಂದ ನೋಡಲು ಚಂದವೇ. ನೀರು ಇಳಿಯುತ್ತದೆ, ಅದೂ ನಿಜ. ಆದರೆ ಬಿಸಿಗಾಳಿಗೆ ಹೋಗಲು ದಾರಿಯಿಲ್ಲ. ಒಳಗೆ ಏಸಿ ಬೇಕೇ ಬೇಕು. ಅದಕ್ಕಿಂತ ಕಬ್ಬಿಣದ ಟ್ರಸ್ ಹಾಕಿ, ಅಡಿಯಲ್ಲಿ ಸೀಲಿಂಗ್ ಹಂಚು, ಮೇಲೆ ಮಾಮೂಲಿ ಹಂಚು ಹೊದೆಸಿದರೆ ಒರಲೆಯ ಭಯವಿಲ್ಲ, ಮರದ ಖರ್ಚಿಲ್ಲ, ಮಧ್ಯದಲ್ಲಿ ಗಾಳಿ ಆಡುತ್ತದೆ. ಹಳೇ ಮನೆ ಕೆಡವಿದ ಹಂಚು ಅಗ್ಗಕ್ಕೆ ಸಿಗುತ್ತದೆ. ನಮ್ಮ ಕಡೆಯ ಒಬ್ಬ ಇಂಜಿನಿಯರನ್ನು ಹೀಗೆ ಮಾಡಬಹುದಾ ಅಂತ ಕೇಳಿದ್ದಕ್ಕೆ "ಬ್ಯಾಂಕಿನವರು ಲೋನ್ ಕೊಡುವುದು ಕಷ್ಟ, ನಾಳೆ ಮಾರುವಾಗ ರೇಟ್ ಬರುವುದಿಲ್ಲ" ಅಂದರು. ಮನೆ ಇರುವುದಕ್ಕಾ ಮಾರುವುದಕ್ಕಾ ಅಂತ ಕೇಳಬೇಕಿತ್ತು, ಬಾಯಿಗೆ ಬರಲಿಲ್ಲ.

ಶೀಟು ಹಾಕಿಸಿಕೊಂಡವರನ್ನು ನಾನು ತಮಾಷೆ ಮಾಡುತ್ತಿಲ್ಲ. ಆ ಶೀಟಿನ ಅಡಿಯಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುತ್ತದೆ, ತೆಂಗಿನಕಾಯಿ ರಾಶಿ ಬೀಳುತ್ತದೆ, ಮೆಹಂದಿ ಊಟ ಅಲ್ಲೇ ನಡೆಯುತ್ತದೆ, ಸಂಜೆ ಹೊತ್ತು ಅಜ್ಜ ಕುರ್ಚಿ ಹಾಕಿ ಕೂರುತ್ತಾರೆ. ಇಡೀ ಮನೆಯಲ್ಲಿ ಗಾಳಿ ಬರುವ ಜಾಗ ಅದೊಂದೇ. ಯಾವ ಆರ್ಕಿಟೆಕ್ಟೂ ಹೇಳಿಕೊಡದೆ ಜನ ತಾವೇ ತಾರಸಿಯ ಮೇಲೆ ಜಗಲಿಯನ್ನು ವಾಪಸ್ ತಂದರು. ಅದನ್ನು ಮೊದಲೇ ಪ್ಲಾನಿನಲ್ಲಿ ಬರೆಯಿರಿ ಅಂತಷ್ಟೇ ನಾನು ಹೇಳುವುದು. ಸ್ಲ್ಯಾಬಿಗೆ ಹಾಕುವ ದುಡ್ಡಲ್ಲಿ ಸೂರು ಮೂರಡಿ ಮುಂದೆ ಬರಲಿ, ಪಡುವಣ ಬದಿಗೆ ಜಗಲಿ ಇರಲಿ, ಅಂಗಳದಲ್ಲಿ ಕಾರು ನಿಲ್ಲುವಷ್ಟು ಜಾಗ ಬಿಟ್ಟು ಉಳಿದದ್ದು ಮಣ್ಣೇ ಇರಲಿ.

ಅಂದ ಹಾಗೆ ನಮ್ಮ ಮನೆಯ ಹಂಚಿಗೆ ಈ ವರ್ಷ ಇನ್ನೂ ಕೈಯಾಡಿಸಿಲ್ಲ, ಅಂದರೆ ಒಡೆದದ್ದು ಬದಲಿಸಿ ಸರಿಮಾಡಿಸಿಲ್ಲ. ಹಿಂದೆ ಬರುತ್ತಿದ್ದವರಿಗೆ ಮಾಡು ಹತ್ತಲು ಆಗುವುದಿಲ್ಲ, ಅವರ ಮಗ ಶೀಟಿನ ಕೆಲಸಕ್ಕೆ ಹೋಗುತ್ತಾನೆ. ಕಾಪು, ಪಡುಬಿದ್ರಿ ಆಸುಪಾಸಿನಲ್ಲಿ ಹಂಚಿನ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ನಂಬರ್ ಕಳಿಸಿ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ, ಮಳೆಗಾಲಕ್ಕೆ ಮೊದಲಿನ ತುಳುವರ ದಿನ) ದಾಟಿದರೆ ಆಮೇಲೆ ಯಾರೂ ಫೋನ್ ಎತ್ತುವುದಿಲ್ಲ.