ಇಂಡಿಯಾ ಟೀಮ್ ಲೆ ಮಾನ್ಸ್ ಗೆದ್ದದ್ದಾ? ಇಲ್ಲ ಮಾರಾಯ್ರೆ

ನಮ್ಮ ಉಡುಪಿಯ ಫ್ಯಾಮಿಲಿ ಗ್ರೂಪಲ್ಲಿ ಮಾವ ಒಂದು ಫಾರ್ವರ್ಡ್ ಹಾಕಿದ್ದಾರೆ, ತ್ರಿವರ್ಣ ಧ್ವಜ, ಪಟಾಕಿ ಎಲ್ಲ ಉಂಟು, "2021ರಲ್ಲಿ ಭಾರತದ ಟೀಮ್ 24 ಗಂಟೆಯ ಲೆ ಮಾನ್ಸ್ ರೇಸ್ ಗೆದ್ದಿದೆ" ಅಂತ. ಲೆ ಮಾನ್ಸ್ ಅಂದ್ರೆ ಫ್ರಾನ್ಸಲ್ಲಿ 24 ಗಂಟೆ ನಡೆಯೋ ಕಾರ್ ರೇಸ್. ಮಾವ, ಬೇಜಾರಾಗ್ಬೇಡಿ, ಇದು ಸುಳ್ಳು, ಆದ್ರೆ ಬೆಂಕಿ ಇಲ್ಲದೆ ಹೊಗೆ ಎದ್ದದ್ದಲ್ಲ.

ಆ ವರ್ಷ ಏಷ್ಯನ್ ಲೆ ಮಾನ್ಸ್ ಸೀರೀಸ್ ಅಂತ ಬೇರೆಯೇ ಒಂದು ಸ್ಪರ್ಧೆ ನಡೆದಿತ್ತು, ಹೆಸರು ಒಂದೇ ತರ ಇರೋದಕ್ಕೇ ಈ ಎಡವಟ್ಟು. ಫೆಬ್ರವರಿಯಲ್ಲಿ ನಾಲ್ಕು ರೇಸ್, ಒಂದೊಂದು ನಾಲ್ಕು ಗಂಟೆಯದ್ದು, ಎರಡು ದುಬೈಯಲ್ಲಿ ಎರಡು ಅಬುಧಾಬಿಯಲ್ಲಿ, ಕೊರೊನಾ ಕಾಲ ಅಲ್ವಾ, ಊರೂರು ಸುತ್ತೋ ಹಾಗಿರ್ಲಿಲ್ಲ. ಅದ್ರಲ್ಲಿ ರೇಸಿಂಗ್ ಟೀಮ್ ಇಂಡಿಯಾ ಅಂತ ಒಂದು ಟೀಮ್ ಇಳಿದದ್ದು ನಿಜ, ಫಾರ್ಮುಲಾ ಒನ್ ಓಡಿಸಿದ್ದ ನರೇನ್ ಕಾರ್ತಿಕೇಯನ್, ನಮ್ಮ ಬೆಂಗಳೂರಿನ ಅರ್ಜುನ್ ಮೈನಿ, ನವೀನ್ ರಾವ್, ಮೂರೂ ಜನ ಭಾರತ ಮೂಲದವರೇ, ಒಂದೇ ಎಲ್‌ಎಂಪಿ2 (ರೇಸಿಗಂತಲೇ ಮಾಡಿದ ಕಾರುಗಳ ಒಂದು ವರ್ಗ) ಕಾರನ್ನ ಸರದಿಯಲ್ಲಿ ಓಡಿಸಿದ್ದು. ಚಾಂಪಿಯನ್ ಆದದ್ದು ಮಾತ್ರ ಜಿ-ಡ್ರೈವ್ ರೇಸಿಂಗ್ ಅನ್ನೋ ಬೇರೆ ಟೀಮ್. ಸೀರೀಸ್ ಗೆದ್ದವರಿಗೆ ಫ್ರಾನ್ಸಿನ 24 ಗಂಟೆ ರೇಸಿಗೆ ಆಹ್ವಾನ ಸಿಗ್ತದೆ, ಯಾರೋ ಆ "ಆಹ್ವಾನ"ವನ್ನೇ "ಗೆಲುವು" ಮಾಡಿ ಬಿಟ್ಟದ್ದು ಅಂತ ನನ್ನ ಅಂದಾಜು.

ಕಂಬಳದ ಕರೆಯಲ್ಲಿ (ಕೋಣ ಓಡಿಸುವ ಕೆಸರಿನ ಗದ್ದೆಯಲ್ಲಿ) ಒಂದು ಓಟ ಸೆಕೆಂಡುಗಳಲ್ಲಿ ಮುಗೀತದೆ, ಕೋಣ ಓಡಿಸುವವನ ಮೈತುಂಬಾ ಕೆಸರು. ಇಲ್ಲಿ ನಾಲ್ಕು ಗಂಟೆ ಟಯರ್, ಪೆಟ್ರೋಲ್, ಡ್ರೈವರ್ ಬದಲಾವಣೆ ಎಲ್ಲ ಲೆಕ್ಕ ಹಾಕ್ಬೇಕು, ಮೂರು ಜನ ನಮ್ಮವರೇ ಕೂತು ಓಡಿಸಿದ್ದೇ ಸಣ್ಣ ಸಂಗತಿ ಅಲ್ಲ. ಅದನ್ನೇ ಫಾರ್ವರ್ಡ್ ಮಾಡಿ ಮಾವ, ಪಟಾಕಿ ಬೇಕಾದ್ರೆ ಇರ್ಲಿ.