ಗೋಧಿ ಹುಲ್ಲಿಗೆ ಗಿರಾಕಿ, ಭತ್ತದ ಹುಲ್ಲಿಗೆ ಬೆಂಕಿ

ನಾನಿರುವ ಪಂಜಾಬಿನ ಸಂಗ್ರೂರ್ ಜಿಲ್ಲೆಯ ಸುನಾಮ್‌ನಲ್ಲಿ ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಬಿಸಿಲಿನ ಬಣ್ಣವೇ ಬದಲಾಗುತ್ತದೆ. ಮಧ್ಯಾಹ್ನವೇ ಸೂರ್ಯ ಮಂಕಾಗುತ್ತಾನೆ. ಸಂಜೆಗೆ ಕಣ್ಣು ಉರಿ, ಗಂಟಲು ಕೆರೆತ. ರಾಜ್ಯೋತ್ಸವದ ಶುಭಾಶಯ ಹೇಳಲು ಫೋನ್ ಮಾಡುವ ನೆಂಟರು, "ದೆಹಲೀಲಿ ತುಂಬಾ ಹೊಗೆಯಂತೆ, ನಿಮ್ಗೇನೂ ತೊಂದ್ರೆ ಇಲ್ಲ ಅಲ್ವಾ?" ಎನ್ನುತ್ತಾರೆ. ಭತ್ತ ಕೊಯ್ದ ಹೊಲದಲ್ಲಿ ಹುಲ್ಲು ಸುಡುವ ಆ ಹೊಗೆ ಏಳುವುದೇ ನಮ್ಮ ಸುತ್ತಮುತ್ತ. ಅದನ್ನು ಮೊದಲು ಕುಡಿಯುವವರು ಇಲ್ಲಿಯ ಮಕ್ಕಳು, ಹೊಲದಲ್ಲಿ ನಿಂತವರು. ಗಾಳಿ ಅಳೆಯುವ ಕೇಂದ್ರಗಳೋ ಹೆಚ್ಚಾಗಿ ಲುಧಿಯಾನ, ಪಟಿಯಾಲ, ಅಮೃತಸರದಂಥ ದೊಡ್ಡ ಊರುಗಳಲ್ಲಿವೆ.

ಉಳಿದ ಕಾಲಗಳಿಗೆ ಒಗ್ಗಿಕೊಂಡಿದ್ದೇನೆ. ಜೂನ್‌ನಲ್ಲಿ 45 ಡಿಗ್ರಿ ಮುಟ್ಟುವ ಬಿಸಿಲು, 'ಲೂ' ಎನ್ನುವ ಬಿಸಿಗಾಳಿ. ಜನವರಿಯಲ್ಲಿ ಎದುರಿನ ಮನೆಯೂ ಕಾಣದಷ್ಟು ಮಂಜು. ಗಂಗಾವತಿಯ ಬಿಸಿಲಲ್ಲಿ ಬೆಳೆದವನಿಗೆ ಹೊಸದಾಗಿದ್ದು ಚಳಿ ಮಾತ್ರ. ಅದಕ್ಕೆ ರಜಾಯಿ ಇದೆ. ಹೊಗೆಗೆ ಏನು ಹೊದ್ದುಕೊಳ್ಳುವುದು?

ರೈತರು ಸೋಮಾರಿಗಳು, ಅದಕ್ಕೇ ಸುಡುತ್ತಾರೆ ಎಂದು ದೂರದವರು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಅಂತರ್ಜಲ ಉಳಿಸಲು ಪಂಜಾಬ್ 2009ರಲ್ಲಿ ಒಂದು ಕಾನೂನು ಮಾಡಿತು. ಜೂನ್ 10ಕ್ಕೆ ಮೊದಲು ಭತ್ತ ನಾಟಿ ಮಾಡುವಂತಿಲ್ಲ ಎಂದಿತು. ಆ ದಿನಾಂಕ ಆಮೇಲೆ ಹಿಂದೆಮುಂದೆ ಆಗಿದೆ. ನೀರಿನ ದೃಷ್ಟಿಯಿಂದ ಅದು ಬೇಕಾಗಿದ್ದ ಕಾನೂನೇ. ಆದರೆ ನಾಟಿ ತಡವಾದರೆ ಕೊಯ್ಲೂ ತಡ. ಗೋಧಿಗೆ ನವೆಂಬರ್ ಮೊದಲ ಹದಿನೈದು ದಿನ ಒಳ್ಳೆಯ ಹದ. ನಡುವೆ ಸಿಗುವುದು ಎರಡು ಮೂರು ವಾರ. ಕಂಬೈನ್ ಯಂತ್ರ ತೆನೆ ಕೊಯ್ದು, ಎತ್ತರದ ಕೂಳೆ ಬಿಟ್ಟು, ಹುಲ್ಲು ಚೆಲ್ಲಿ ಹೋಗಿರುತ್ತದೆ. ಇದೇ ಪರಾಲಿ. ಒಂದು ಕಡ್ಡಿ ಗೀರಿದರೆ ಸಂಜೆಯೊಳಗೆ ಹೊಲ ಖಾಲಿ. ಆ ದಿನಗಳಲ್ಲಿ ಗಾಳಿಯೂ ಕಡಿಮೆ. ರಾತ್ರಿ ನೆಲ ತಣ್ಣಗಾಗಿ ಹೊಗೆ ಮೇಲೇಳದೆ ಊರಲ್ಲೇ ಕೂರುತ್ತದೆ.

ಈಗ ಏಪ್ರಿಲ್ ನೋಡಿ. ಅದೇ ರೈತ, ಅದೇ ಹೊಲ. ಗೋಧಿ ಕೊಯ್ದ ಮೇಲೆ ಇನ್ನೊಂದು ಯಂತ್ರ ಓಡಿಸಿ ಹುಲ್ಲನ್ನು ಪುಡಿ ಮಾಡಿ ಟ್ರಾಲಿ ತುಂಬಿಕೊಳ್ಳುತ್ತಾರೆ. ಅದಕ್ಕೆ ತೂಡಿ ಎನ್ನುತ್ತಾರೆ. ಎಮ್ಮೆಗಳಿಗೆ ವರ್ಷವಿಡೀ ಅದೇ ಮೇವು. ಮಾರಿದರೆ ದುಡ್ಡು. ಮಿಕ್ಕ ಮೋಟಿಗೆ ಆಮೇಲೆ ಬೆಂಕಿ ಇಡುವವರಿದ್ದಾರೆ, ನಿಜ. ಆದರೆ ಹುಲ್ಲನ್ನು ಯಾರೂ ಸುಮ್ನೆ ಸುಡುವುದಿಲ್ಲ. ಬಾಸ್ಮತಿಯ ಹುಲ್ಲನ್ನೂ ದನ ತಿನ್ನುತ್ತದೆ. ಸರ್ಕಾರ ಕೊಳ್ಳುವ ಮಾಮೂಲಿ ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ ಎಂದು ಇಲ್ಲಿಯವರು ದನಕ್ಕೆ ಹಾಕುವುದಿಲ್ಲ. ನಾನು ಹಾಲು ತರುವ ಮನೆಯ ಯಜಮಾನರು ಹೇಳಿದ್ದಿಷ್ಟು: "ಇದನ್ನು ಕೊಳ್ಳುವವರನ್ನು ಕರ್ಕೊಂಡು ಬಾ ವೀರ್‌ಜಿ, ನಾನು ಕಡ್ಡಿ ಗೀರಲ್ಲ."

ಗಂಗಾವತಿ ಕಡೆ ನಾವು ಅದೇ ಭತ್ತದ ಹುಲ್ಲನ್ನು ಬಣವೆ ಒಟ್ಟುತ್ತಿದ್ದೆವು. ಬೇಸಿಗೆಯಲ್ಲಿ ದನಗಳಿಗೆ ಅದೇ ಆಧಾರ. ನಾವು ಹೆಚ್ಚು ತಿಳಿದವರು ಅಂತಲ್ಲ. ನಮ್ಮಲ್ಲಿ ಅದು ಮೇವು, ಇಲ್ಲಿ ಅಲ್ಲ.

ಆದ್ದರಿಂದ ದಂಡ, ಪೊಲೀಸ್ ಕೇಸು ಇವುಗಳ ಮೇಲೆ ನನಗೆ ನಂಬಿಕೆ ಇಲ್ಲ. ಹುಲ್ಲಿನ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್ ಲುಧಿಯಾನದ ಕೃಷಿ ವಿಶ್ವವಿದ್ಯಾಲಯದಲ್ಲೇ ರೂಪುಗೊಂಡಿತು. 2018ರಿಂದ ಇಂಥ ಯಂತ್ರಗಳಿಗೆ ಕೇಂದ್ರದ ಸಬ್ಸಿಡಿ ಇದೆ. ಒಬ್ಬ ರೈತನಿಗೆ ಅರ್ಧ ಬೆಲೆ, ಗುಂಪಿಗೆ ಇನ್ನೂ ಜಾಸ್ತಿ. ಆದರೂ ಅದನ್ನು ಎಳೆಯಲು ದೊಡ್ಡ ಟ್ರ್ಯಾಕ್ಟರ್ ಬೇಕು, ಕೆಲಸ ವರ್ಷಕ್ಕೆ ಕೆಲವೇ ವಾರ. ಐದೆಕರೆಯವನು ಬಾಡಿಗೆಗೆ ಕಾದು ಕೂರಬೇಕು. ಬೇಗ ಕೊಯ್ಲಿಗೆ ಬರುವ ಪಿಆರ್ 126 ಎಂಬ ಭತ್ತದ ತಳಿಯಿಂದ ಒಂದಷ್ಟು ದಿನ ಉಳಿಯುತ್ತದೆ. ಇದು ನನಗೆ ಹೆಚ್ಚು ಭರವಸೆ ಕೊಡುವ ದಾರಿ. ಅದಕ್ಕಿಂತ ಮುಖ್ಯ, ಹುಲ್ಲನ್ನು ಪೆಂಡಿ ಕಟ್ಟಿ ಬಾಯ್ಲರ್‌ಗೆ ಕೊಳ್ಳುವ ಕಾರ್ಖಾನೆಗಳು ಹೊಲದ ಬಾಗಿಲಿಗೆ ಬರಬೇಕು, ಕೊಯ್ಲಿನ ಅದೇ ವಾರ ಬರಬೇಕು.

ಇದನ್ನು ಕನ್ನಡದಲ್ಲಿ ಬರೆಯಲು ಕಾರಣ ಇದೆ. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಈಗ ಕೊಯ್ಲು ಯಂತ್ರದ್ದೇ. ದನ ಸಾಕುವ ಮನೆಗಳು ಕಡಿಮೆಯಾಗಿವೆ. ಊರಿಗೆ ಹೋದಾಗ ಗದ್ದೆಗಳಲ್ಲಿ ಬೆಂಕಿ ನೋಡಿದ್ದೇನೆ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ರವದಿ ಸುಡುವುದು ಮೊದಲಿಂದಲೂ ಇದೆ. ನಮ್ಮಲ್ಲಿ ಹುಲ್ಲು ಕೇಳುವವರು ಇನ್ನೂ ಇದ್ದಾರೆ. ಗದ್ದೆ ಇರುವ ಊರಿನಿಂದ ಮೇವಿನ ಬರ ಇರುವ ಊರಿಗೆ ಪೆಂಡಿ ಸಾಗಿಸುವ ವ್ಯವಸ್ಥೆಯನ್ನು ನಮ್ಮ ಸಹಕಾರ ಸಂಘಗಳು ಈ ಹಂಗಾಮಿನಲ್ಲೇ ಶುರು ಮಾಡಲಿ.