ಊರಿನ ಮನೆಗೆ ನೆಟ್, ಟಿವಿ ಹಾಕಿಸುವ ಮುಂಚೆ

ಈ ತಿಂಗಳು ಮೂವರು ಸ್ನೇಹಿತರು ಒಂದೇ ಪ್ರಶ್ನೆ ಕೇಳಿದರು. ಕೆಲಸ ಬೆಂಗಳೂರಲ್ಲಿ, ಹಳೇ ಮನೆ ಊರಲ್ಲಿ, ತಿಂಗಳಿಗೊಮ್ಮೆ ಹೋಗಿ ಬರ್ತೀವಿ, ಅಲ್ಲಿಗೆ ಯಾವ ನೆಟ್ ಹಾಕಿಸೋದು, ಟಿವಿಗೆ ಏನು ಮಾಡೋದು ಅಂತ. ಅವರಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ, ಟಾರು ರಸ್ತೆ ಬಿಟ್ಟು ಒಳಗೆ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಬೆಂಗಳೂರಿಗೆ ಬಂದರು. ಆದರೆ ತೋಟ ಇದೆ, ದೇವರಿಗೆ ದೀಪ ಇಡಬೇಕು, ಕೊಯ್ಲು ಬಂದರೆ ಅಮ್ಮ ಅಲ್ಲೇ ಇರಬೇಕು. ಹಾಗಾಗಿ ಮನೆ ಬಿಡುವ ಮಾತೇ ಇಲ್ಲ. ಮೊದಲನೇ ವರ್ಷ ನಾವು ಅಲ್ಲಿ ಇದ್ದದ್ದು 68 ದಿನ. ಆ ವರ್ಷ ನೆಟ್, ಟಿವಿ ಚಾನೆಲ್, ಒಟಿಟಿ ಮೂರೂ ಸೇರಿದ ಪ್ಯಾಕ್ ತಗೊಂಡಿದ್ದೆ. ವರ್ಷಕ್ಕೆ ಒಟ್ಟಿಗೇ ಕಟ್ಟಿದರೆ ಅಗ್ಗ ಅಂದರು, 10,200 ರೂಪಾಯಿ ಕಟ್ಟಿದೆ. ಇದ್ದ ದಿನಕ್ಕೆ ಭಾಗಿಸಿ ನೋಡಿ. ದಿನಕ್ಕೆ 150 ರೂಪಾಯಿ ಬಿತ್ತು. ಊರಿನ ಮನೆಗೆ ಏನೇ ಹಾಕಿಸುವುದಿದ್ದರೂ ಮೊದಲು ಈ ಲೆಕ್ಕ ಮಾಡಿ. ತಿಂಗಳ ಬಾಡಿಗೆ ಎಷ್ಟು ಅಂತ ನೋಡಬೇಡಿ, ನೀವು ಅಲ್ಲಿ ಇರುವ ದಿನಕ್ಕೆ ಎಷ್ಟು ಬೀಳುತ್ತೆ ಅಂತ ನೋಡಿ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಟಿವಿ ಮತ್ತು ನೆಟ್ ಎರಡನ್ನೂ ಒಂದೇ ಪ್ಯಾಕ್‌ನಲ್ಲಿ ಕಟ್ಟಬೇಡಿ. ಟಿವಿಗೆ ನೀವು ಊರಲ್ಲಿದ್ದಾಗ ಮಾತ್ರ ದುಡ್ಡು ಕೊಡಿ. ನೆಟ್ ಮಾತ್ರ ವರ್ಷಪೂರ್ತಿ ಇರಲಿ, ಆದರೆ ಎಲ್ಲಕ್ಕಿಂತ ಚಿಕ್ಕ ಪ್ಲಾನ್ ಇಟ್ಟುಕೊಳ್ಳಿ.

ಮೊದಲು ಟಿವಿ. ಡಿಡಿ ಫ್ರೀ ಡಿಶ್, ಅಂದರೆ ದೂರದರ್ಶನದವರ ಉಚಿತ ಡಿಶ್ ಸೇವೆ, 2004ರಿಂದ ಇದೆ, ತಿಂಗಳ ಬಾಡಿಗೆಯೇ ಇಲ್ಲ. ಒಂದು ಸಲ ತಟ್ಟೆ, ಬಾಕ್ಸ್ ಕೊಂಡರೆ ಮುಗೀತು. ಆರು ತಿಂಗಳು ಬೀಗ ಹಾಕಿದ್ದ ಮನೆಗೆ ಬಂದು ಸ್ವಿಚ್ ಹಾಕಿದರೂ ಚಂದನ ಬರುತ್ತೆ, ದಸರಾ ಜಂಬೂಸವಾರಿ ಬರುತ್ತೆ, ಡಿಡಿ ಸ್ಪೋರ್ಟ್ಸ್ ಬರುತ್ತೆ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಹೊಸ ಬಗೆಯ ವಿಡಿಯೋ ಸಿಗ್ನಲ್) ಹಿಡಿಯುವುದನ್ನೇ ಕೇಳಿ, ಹಳೇ ಬಾಕ್ಸಿನಲ್ಲಿ ಎಲ್ಲ ಚಾನೆಲ್ ಬರಲ್ಲ. ಕೊರತೆ ಅಂದರೆ ಖಾಸಗಿ ಚಾನೆಲ್‌ಗಳ ಧಾರಾವಾಹಿ. ಕೊಯ್ಲಿನ ಟೈಮಲ್ಲಿ ನಮ್ಮ ಜಗಲಿಯಲ್ಲಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುತ್ತಾರೆ. ಅವರಿಗೆ, ಅಮ್ಮನಿಗೆ ಆ ಧಾರಾವಾಹಿ ಬೇಕೇ ಬೇಕು. ಕೈ ಅಡಿಕೆ ಮೇಲೆ, ಕಿವಿ ಟಿವಿ ಕಡೆ. ಅದಕ್ಕೆ ಖಾಸಗಿ ಕಂಪನಿಯ ಹಳೇ ಡಿಟಿಎಚ್ ಡಿಶ್ ತೆಗೆದು ಹಾಕಿಲ್ಲ, ಆ ಎರಡು ತಿಂಗಳಿಗೆ ಮಾತ್ರ ರೀಚಾರ್ಜ್ ಮಾಡಿಸುತ್ತೇನೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರಲ್ಲಿ ಮಾಡಿದ ನಿಯಮದ ಪ್ರಕಾರ, ಗ್ರಾಹಕರು ಮುಂಚಿತವಾಗಿ ಕೇಳಿಕೊಂಡರೆ ಡಿಟಿಎಚ್ ಆಗಲಿ ಕೇಬಲ್ ಆಗಲಿ ಸೇವೆಯನ್ನು ತಿಂಗಳ ಲೆಕ್ಕದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ ಕೊಡಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕೇಳಿ ಪಡೆಯಿರಿ.

ತಟ್ಟೆ ಎಲ್ಲಿ ಕೂರಿಸಬೇಕು ಅನ್ನುವುದು ನಮ್ಮ ಕಡೆ ದೊಡ್ಡ ವಿಷಯ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಅಂದರೆ ನಮ್ಮಲ್ಲಿಂದ ತಟ್ಟೆ ಆಗ್ನೇಯಕ್ಕೆ ಮುಖ ಮಾಡಿ, ಚೆನ್ನಾಗಿ ಮೇಲಕ್ಕೆ ನೋಡಬೇಕು. ನಮ್ಮನೆ ಆಗ್ನೇಯಕ್ಕೆ ಹಲಸಿನ ಮರ. ಬೇಸಿಗೆಯಲ್ಲಿ ಹಾಕಿಸಿದಾಗ ಚೆನ್ನಾಗೇ ಇತ್ತು, ಮಳೆ ಶುರುವಾಗಿ ಎಲೆ ನೀರು ಕುಡಿದು ಕೊಂಬೆ ಬಗ್ಗಿದ ಮೇಲೆ ಪೂರ್ತಿ ಹೋಯಿತು. ಮರ ಕಡಿಯಲಿಲ್ಲ, ತಟ್ಟೆಯನ್ನೇ ಕೊಟ್ಟಿಗೆ ಮೇಲಕ್ಕೆ ಸಾಗಿಸಿದೆವು. ಇನ್ನು ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ತಟ್ಟೆ ಹಿಡಿಯುವ ಅಲೆಗಳನ್ನು ಜೋರು ಮಳೆಯ ಹನಿಗಳೇ ನುಂಗಿಬಿಡುತ್ತವೆ, ಚಿತ್ರ ಚೌಕ ಚೌಕ ಒಡೆದು ನಿಂತುಹೋಗುತ್ತೆ. ಅದಕ್ಕಾಗಿ ಕಂಪನಿ ಬದಲಾಯಿಸಿ ಪ್ರಯೋಜನ ಇಲ್ಲ, ಯಾರ ತಟ್ಟೆಗೂ ಅದೇ ಪಾಡು.

ಒಟಿಟಿಗೆ ಊರಲ್ಲಿ ಬೇರೆ ದುಡ್ಡು ಯಾಕೆ? ಚಂದಾ ಇರುವುದು ನಿಮ್ಮ ಖಾತೆಗೆ, ಗೋಡೆಗಲ್ಲ. ಬೆಂಗಳೂರಿನದೇ ಖಾತೆ ಇಲ್ಲೂ ನಡೆಯುತ್ತೆ. ಕೆಲವು ಆ್ಯಪ್ ಬೇರೆ ಮನೆಯ ಟಿವಿ ಕಂಡರೆ ಕೋಡ್ ಕೇಳುತ್ತವೆ, ಅಷ್ಟೇ.

ಇನ್ನು ನೆಟ್. ಎರಡನೇ ವರ್ಷ ನಾನು ಮಾಡಿದ ತಪ್ಪು ಇದು. ಮಳೆಗಾಲದಲ್ಲಿ ನಾವು ಹೋಗುವುದೇ ಕಡಿಮೆ, ಸುಮ್ನೆ ಯಾಕೆ ಕಟ್ಟಬೇಕು ಅಂತ ಜೂನ್‌ನಿಂದ ನಾಲ್ಕು ತಿಂಗಳು ಫೈಬರ್ ನಿಲ್ಲಿಸಿದೆ. ಕೊಯ್ಲಿಗೆ ಹೋಗಿ ಮೋಡೆಮ್ ಹಾಕಿದರೆ ಕೆಂಪು ದೀಪ ಮಿಣಮಿಣ ಅಂತಿತ್ತು. ಲೈನಿನಲ್ಲಿ ಬೆಳಕೇ ಬರ್ತಿಲ್ಲ ಅಂತ ಅದರ ಅರ್ಥ. ಹೊರಗೆ ಹೋಗಿ ನೋಡಿದರೆ ಜುಲೈ ಗಾಳಿಗೆ ಬಿದ್ದ ಮರದ ಕೆಳಗೆ ಕೇಬಲ್ ತುಂಡಾಗಿ ಕೆಸರಲ್ಲಿ ಹುದುಗಿತ್ತು. ದೂರು ಕೊಟ್ಟರೆ ಕಂಪನಿಯವರು ಇವತ್ತು ನಾಳೆ ಅಂದರು. ಹನ್ನೊಂದು ದಿನ ಆಯಿತು. ನನ್ನ ಹೆಂಡತಿ ಆಫೀಸ್ ಮೀಟಿಂಗಿಗೆ ದಿನಾ ಸ್ಕೂಟರಿನಲ್ಲಿ ತೀರ್ಥಹಳ್ಳಿಗೆ ಹೋಗಿ ಬಂದಳು. ಕೊನೆಗೆ ಬಂದ ಲೈನ್‌ಮ್ಯಾನ್ ಹುಡುಗ ಗುಡ್ಡದ ಕೆಸರಲ್ಲೇ ಕೂತು, ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಎರಡು ತುದಿ ಒರೆಸಿ, ಪೆಟ್ಟಿಗೆಯಂಥ ಮಷೀನ್‌ನಲ್ಲಿಟ್ಟು ಬೆಸೆದ. ಆಮೇಲೆ ಲೈನಿನಲ್ಲಿ ಎಷ್ಟು ಬೆಳಕು ಬರ್ತಿದೆ ಅಂತ ಅಳೆಯುವ ಮೀಟರ್ ಹಿಡಿದು ತೋರಿಸಿದ, ಮೈನಸ್ 23. ಮೈನಸ್ ಜಾಸ್ತಿ ಆದಷ್ಟೂ ಬೆಳಕು ಕಡಿಮೆ ಅಂತ ಅರ್ಥ. "ಮೈನಸ್ 27 ದಾಟಿದ್ರೆ ಲೈನ್ ನಿಲ್ಲಲ್ಲ ಅಣ್ಣ" ಅಂದ. ಯಾಕಪ್ಪಾ ಇಷ್ಟು ತಡ ಅಂತ ಕೇಳಿದೆ. "ಮಳೇಲಿ ಕಟ್ ಆದಾಗ ನಡೀತಿರೋ ಕನೆಕ್ಷನ್ ನೋಡ್ಕೊಂಡು ಸರಿ ಮಾಡ್ತೀವಿ ಅಣ್ಣ. ನಿಮ್ದು ಬಂದ್ ಇತ್ತು, ಲಿಸ್ಟಲ್ಲೇ ಇರ್ಲಿಲ್ಲ" ಅಂದ.

ಅವತ್ತಿಂದ 399 ರೂಪಾಯಿಯ 30 ಎಂಬಿಪಿಎಸ್ ವೇಗದ ಪ್ಲಾನ್, ತೆರಿಗೆ ಸೇರಿ 471, ವರ್ಷಪೂರ್ತಿ ಕಟ್ಟುತ್ತೇನೆ. ಎಚ್‌ಡಿ ವಿಡಿಯೋಗೆ 5 ಎಂಬಿಪಿಎಸ್ ಸಾಕು, ಊರಲ್ಲಿ 100ರ ಪ್ಲಾನ್ ಯಾರಿಗೆ ಬೇಕು? ಕಂಪನಿ ಆರಿಸುವಾಗ ಜಾಹೀರಾತು ನೋಡಬೇಡಿ. ಲೈನ್ ಕಟ್ ಆದರೆ ಯಾರು ಬರ್ತಾರೆ, ಅವರ ಮನೆ ಎಲ್ಲಿ ಅಂತ ಪಕ್ಕದ ಮನೆಯವರನ್ನ ಕೇಳಿ. ನಾಲ್ಕು ಮೈಲಿಯೊಳಗೆ ಇರುವ ಹುಡುಗನ ಲೈನೇ ಒಳ್ಳೇದು.

ಫೈಬರ್ ಬರದ ಕಡೆ ಸಿಮ್ ಹಾಕುವ ರೂಟರ್ ಸುಲಭದ ದಾರಿ. ತಗೊಳ್ಳುವ ಮುಂಚೆ ಮೂರು ಕಂಪನಿಯ ಸಿಮ್ ಇರುವವರನ್ನು ಮನೆಗೇ ಕರೆದುಕೊಂಡು ಹೋಗಿ, ಅಂಗಳ, ಜಗಲಿ, ಮಾಳಿಗೆ ಎಲ್ಲಾ ಕಡೆ ನೋಡಿ. ಮಣ್ಣಿನ ದಪ್ಪ ಗೋಡೆಯೊಳಗೆ ಸಿಗ್ನಲ್ ಸಾಯುತ್ತೆ, ಮಾಳಿಗೆಯ ಕಿಟಕಿಯಲ್ಲಿ ಸಿಗಬಹುದು. ಒಂದು ಎಚ್ಚರ, 90 ದಿನ ಬಳಸದೆ ಬಿಟ್ಟ ಸಿಮ್ ಬಂದ್ ಆಗಬಹುದು. ಬೀಗ ಹಾಕಿದ ಮನೆಯಲ್ಲಿ ಸಿಮ್ ಬಿಟ್ಟು ಬರಬೇಡಿ.

ಬೀಗ ಹಾಕುವಾಗ ಮೋಡೆಮ್, ಬಾಕ್ಸ್, ಟಿವಿ ಎಲ್ಲದರ ಪ್ಲಗ್ ಕಿತ್ತು ಬನ್ನಿ, ಡಿಶ್ ವೈರ್ ಕೂಡ. ಏಪ್ರಿಲ್-ಮೇ ಸಿಡಿಲು ಯಾರನ್ನೂ ಕೇಳಲ್ಲ. ನಮ್ಮ ಮೋಡೆಮ್ ಮಾತ್ರ ಪಕ್ಕದ ಮನೆಯಲ್ಲಿದೆ. ಅವರ ಮಗಳು ಪಿಯುಸಿ ಓದುತ್ತಿದ್ದಾಳೆ. ಕೊರೋನಾ ಟೈಮಲ್ಲಿ ಆ ಹುಡುಗಿ ಕ್ಲಾಸಿಗೆ ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದಳು. 2021ರಲ್ಲಿ ಜಿಲ್ಲೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ ಅಂತ ಜನ ಹೋರಾಟಕ್ಕೆ ಇಳಿದದ್ದು ನೆನಪಿದೆಯಲ್ವಾ? ನಮ್ಮ ಅಂಗಳದಿಂದ ಅವರ ಜಗಲಿಗೆ ಲೈನ್ ಎಳೆಸಿಕೊಂಡೆವು, ನಾವು ಹೋದಾಗ ಅಲ್ಲಿಂದಲೇ ಬಳಸುತ್ತೇವೆ. ಕೆಂಪು ದೀಪ ಬಂದ ದಿನವೇ ಅವಳು ಲೈನ್‌ಮ್ಯಾನ್‌ಗೆ ಫೋನ್ ಮಾಡ್ತಾಳೆ, ಆಮೇಲೆ ನನಗೆ ಮೆಸೇಜ್ ಹಾಕ್ತಾಳೆ. ಈ ವರ್ಷ ಇದುವರೆಗೆ ಮೂರು ಸಲ ಕಟ್ ಆಗಿದೆ, ಮೂರು ಸಲವೂ ಎರಡು ದಿನದೊಳಗೆ ಸರಿಯಾಗಿದೆ.

ಹೊಸನಗರ, ಸಾಗರದ ಹಿನ್ನೀರಿನ ಕಡೆ ಸಿಮ್ ರೂಟರಿಗೆ ಮಾಡಿನ ಮೇಲೆ ಆಂಟೆನಾ ಹಾಕಿಸಿದವರು ಇದ್ದರೆ, ಮಳೆಗಾಲದಲ್ಲಿ ಹೇಗೆ ನಡೀತಿದೆ ಅಂತ ಕೆಳಗೆ ಬರೆಯಿರಿ. ಅಲ್ಲಿನ ಸ್ನೇಹಿತರೊಬ್ಬರು ಕಾಯ್ತಿದ್ದಾರೆ.